ನೊರೆ ಮಾತ್ರೆಯ ನರ್ಸಮ್ಮ

ನರ್ಸಮ್ಮನ ಬೆರಳುಗಳಲ್ಲಿ ಉಗುರೇ ಇಲ್ಲವೇನೋ ಅನ್ನಿಸುತ್ತಿತ್ತು. ಹೆರಿಗೆ ಮಾಡಿಸುವ ಕೈ ಎಂದು ಎರಡು ದಿನಕ್ಕೊಮ್ಮೆ ಬ್ಲೇಡು ಹಿಡಿದು ಕತ್ತರಿಸಿಕೊಳ್ಳುತ್ತಿದ್ದರು. ಸೋಪಿಗೂ ಫಿನಾಯಿಲಿಗೂ ಬೆರಳ ತುದಿಗಳು ಬಿಳುಚಿ ಸುಕ್ಕುಗಟ್ಟಿ, ಈಗ ತಾನೇ ಹೊರೆ ಬಟ್ಟೆ ಒಗೆದು ಎದ್ದವರ ಹಾಗೆ ಕಾಣುತ್ತಿದ್ದವು. ಆ ಬೆರಳುಗಳಲ್ಲಿ ಒಂದು ಬಿಳಿ ಮಾತ್ರೆ ಹಿಡಿದು ನೀರಿನ ಲೋಟಕ್ಕೆ ಹಾಕುವರು. ಮಾತ್ರೆ ಜುಯ್ ಎಂದು ಕರಗಿ ನೊರೆಯೆದ್ದು ಲೋಟದ ಬಾಯಿಗೆ ಬರುತ್ತಿತ್ತು. ಸೀರೆ ಸೆರಗು ಬಾಯಿಗೆ ಅಡ್ಡ ಹಿಡಿದು ನಾವು ಹೆಂಗಸರು ನೋಡುತ್ತಿದ್ದೆವು.

ನಾನು ಸೊಸೆಯಾಗಿ ಹೋದ ಊರು ಮಿಡಿಗೇಶಿಯಿಂದ ಮೂರು ಮೈಲಿ ಒಳಗೆ. ನರ್ಸಮ್ಮ ವಾರಕ್ಕೊಮ್ಮೆ ಬಸ್ಸಿಳಿದು, ಹೆಗಲಿಗೆ ಚೀಲ ಹಾಕಿಕೊಂಡು ನಡೆದೇ ಬರುತ್ತಿದ್ದರು. ಪಾವಗಡದ ಕಡೆಯವರು. ಹದಿನೆಂಟರ ಸೊಸೆಯಿಂದ ಎಪ್ಪತ್ತರ ಮುದುಕಿಯವರೆಗೆ ಎಲ್ಲರೂ ಅವರಿಗೆ 'ತಲ್ಲಿ'. ಅವರ ತೆಲುಗಿನಲ್ಲಿ ಅದು ತಾಯಿ ಎಂದು. ಎಮರ್ಜೆನ್ಸಿ ಮುಗಿದು ಕೆಲವೇ ವರ್ಷವಾಗಿತ್ತು. ಮಕ್ಕಳಾಗದ ಆಪರೇಶನ್ ಎಂಬ ಮಾತು ಕಿವಿಗೆ ಬಿದ್ದರೆ ಗಂಡಸರು ಹೊಲದ ದಾರಿ ಹಿಡಿಯುತ್ತಿದ್ದ ಕಾಲ ಅದು. ಆದ್ದರಿಂದ ನರ್ಸಮ್ಮ ಆ ಮಾತನ್ನು ಕೊನೆಗಿಟ್ಟುಕೊಂಡು, ಮೊದಲು ರಾಗಿ ಬೆಳೆ, ಆಡಿನ ಮರಿ ಎಂದು ಶುರುಮಾಡುವರು. ಬಲೇ ಚಾಲಾಕು ಹೆಂಗಸು.

ನಮ್ಮ ಮನೆಯಲ್ಲಿ ಅವರ ಔಷಧಿ ಬೇಕಾಗಿದ್ದುದು ಅಕ್ಕನಿಗೆ. ಅಕ್ಕ ಎಂದರೆ ಭಾವನ ಹೆಂಡತಿ, ನನ್ನ ವಾರಗಿತ್ತಿ. ಮೂರೂ ಹೆಣ್ಣನ್ನೇ ಹೆತ್ತಿದ್ದಳು. ಮೂರನೆಯ ಹೆರಿಗೆಯಲ್ಲಿ ರಕ್ತ ಹೋಗಿ ಹೋಗಿ ಮಧುಗಿರಿ ಆಸ್ಪತ್ರೆಯಲ್ಲಿ ಹನ್ನೊಂದು ದಿನ ಮಲಗಿದ್ದಳು. ಇನ್ನೊಂದು ಹೆತ್ತರೆ ಜೀವ ಉಳಿಯುವುದು ಕಷ್ಟ, ಆಪರೇಶನ್ ಮಾಡಿಸಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ನಮ್ಮತ್ತೆ ಒಪ್ಪಲಿಲ್ಲ. ಗಂಡು ಮಗುವಿಲ್ಲದೆ ಆಪರೇಶನ್ ಎಂಥದ್ದು ಎಂದರು. ಭಾವ ತಾಯಿಯ ಮುಂದೆ ಬಾಯಿ ಬಿಡುವ ಪೈಕಿ ಅಲ್ಲ.

ಹಾಗಾಗಿ ಒಂದು ಮಧ್ಯಾಹ್ನ, ಅತ್ತೆ ಹೊಲಕ್ಕೆ ಹೋದ ಹೊತ್ತು ನೋಡಿ, ಕೊಟ್ಟಿಗೆಯಲ್ಲಿ ನರ್ಸಮ್ಮ ಅಕ್ಕನಿಗೆ ಪಾಠ ಮಾಡಿದರು. ಬಾಗಿಲು ಕಾಯಲು ನಿಂತಿದ್ದ ನಾನೂ ಎಲ್ಲ ಕೇಳಿಸಿಕೊಂಡೆ.

"ಸಿಗ್ಗು ಪಡಬ್ಯಾಡ ತಲ್ಲೀ. ಇದು ನುಂಗೋ ಮಾತ್ರೆ ಅಲ್ಲ. ಒಸಿ ಒದ್ದೆ ಮಾಡಿ ಒಳಗಡೆ, ಗರ್ಭದ ಬಾಯಿ ಹತ್ರ ಇಟ್ಕಬೇಕು. ಹತ್ತು ಹದಿನೈದು ನಿಮಿಷ ಕಾಯ್ಬೇಕು. ಲೋಟದಾಗೆ ನೋಡಿದ್ಯಲ್ಲ, ಅಂಗೇ ಒಳಗೂ ನೊರೆ ತುಂಬ್ಕಂತೈತೆ. ಗಂಡಸಿನ ಬೀಜ ಮೀನಿನ ಮರಿ ಇದ್ದಂಗೆ, ಬಾಲ ಆಡಿಸ್ಕಂಡು ಈಜ್ಕಂಡು ಹೋಗೋದು. ಈ ನೊರೆ ಅಡ್ಡ ನಿಲ್ತೈತೆ. ಅದ್ರಾಗಿರೋ ಔಷ್ದಿ ತಾಕಿದ್ರೆ ಬಾಲ ನಿಂತು ಅಲ್ಲೇ ಸಾಯ್ತೈತೆ. ಒಂದು ಸಲಕ್ಕೆ ಒಂದು ಮಾತ್ರೆ. ಇಟ್ಕಂಡು ಗಂಟೆ ಕಳೆದ್ರೂ ಅವ್ನು ಬರ್ದಿದ್ರೆ ಅದರ ಶಕ್ತಿ ಮುಗೀತು, ಇನ್ನೊಂದು ಇಟ್ಕಬೇಕು."

"ಹದಿನೈದು ನಿಮಿಷ ಅವ್ರನ್ನ ಹೆಂಗೆ ತಡೆಯಾದು ನರ್ಸಮ್ಮ?" ಅಕ್ಕ ನಗು ತಡೆದುಕೊಂಡು ಕೇಳಿದಳು.

"ನಿಮ್ಮತ್ತೆ ಸುದ್ದಿ ತಗಿ. ತಾನಾಗೇ ತಣ್ಣಗಾಗ್ತಾನೆ."

ಅಕ್ಕ ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಮತ್ತೆ ನೋಡಲಿಲ್ಲ. ನರ್ಸಮ್ಮ ಮಾತ್ರ ನಗಲಿಲ್ಲ. "ಸುಳ್ಳು ಹೇಳಕ್ಕಿಲ್ಲ ಕಣಮ್ಮ. ಇದು ಆಪರೇಶನ್ನಿನಷ್ಟು ಖಾತ್ರಿ ಅಲ್ಲ. ಸರಿಯಾಗಿ ಇಟ್ಕಂಡೋರಿಗೂ ಒಂದೊಂದ್ಸಲ ಬಸಿರು ನಿಂತ್ಬುಡ್ತೈತೆ. ನಿನ್ ಗಂಡ ನಿರೋಧ್ ಹಾಕ್ಕಂಡ್ರೆ ಜೊತೆಗೆ ಇನ್ನೊಸಿ ಭದ್ರ" ಎಂದರು. ಅದು ಆಗದ ಮಾತು ಎಂದು ಅಕ್ಕ ತಲೆಯಾಡಿಸಿಬಿಟ್ಟಳು. "ಸರಿ, ಏನೂ ಇಲ್ದೆ ಇರೋದಕ್ಕಿಂತ ಇದು ವಾಸಿ. ಇನ್ನೊಂದು ಮಾತು. ಆದ್ಮೇಲೆ ತೊಳ್ಕಬ್ಯಾಡ, ಔಷ್ದಿ ಕೊಚ್ಕಂಡು ಹೋಗ್ತೈತೆ. ಬೆಳಗಾಗೋವರ್ಗೂ ಅಂಗೇ ಇರು."

ಎಂಟು ತಿಂಗಳು ಏನೂ ಆಗಲಿಲ್ಲ. ಒಂಬತ್ತನೆಯ ತಿಂಗಳು ಅಕ್ಕ ಹೊರಗಾಗಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ.

ನರ್ಸಮ್ಮ ಮೊದಲು ಮಾಡಿದ ಕೆಲಸವೆಂದರೆ, ಅಕ್ಕ ಟ್ರಂಕಿನಲ್ಲಿ ಬಚ್ಚಿಟ್ಟಿದ್ದ ಮಾತ್ರೆಯ ಕೊಳವೆ ತರಿಸಿ ಒಂದು ಮಾತ್ರೆಯನ್ನು ನೀರಿಗೆ ಹಾಕಿದ್ದು. ತೇವ ತಾಗಿ ಕೆಟ್ಟಿದ್ದರೆ ನೊರೆ ಏಳುವುದಿಲ್ಲ. ಇದು ಎದ್ದು ಲೋಟದಿಂದ ಆಚೆಗೆ ಸುರಿಯಿತು. ಆಮೇಲೆ ಒಂದೊಂದಾಗಿ ಕೇಳತೊಡಗಿದರು. ಅಕ್ಕ ತಲೆ ತಗ್ಗಿಸಿಕೊಂಡು ಹೇಳುತ್ತ ಹೋದಳು.

"ನಿನ್ ಗಂಡ ನಿನ್ತಾವ ಬರೋದು ಯಾವಾಗ?"

"ಬಾವಿತಾವಿಂದ ಬಂದ್ಮೇಲೆ. ರಾತ್ರಿ ಕರೆಂಟು ಕೊಡ್ತಾರಲ್ಲ, ನೀರು ಹಾಯ್ಸಿ ಕೋಳಿ ಕೂಗೋ ಹೊತ್ಗೆ ಬರ್ತಾರೆ."

"ನೀನು ನೀರು ಹುಯ್ಕಣಾದು?"

"ಬೆಳಗಾದ್ಮೇಲೆ. ನೀವೇ ಅಂದ್ರಲ್ಲ, ಬೆಳಗಾಗೋವರ್ಗೂ ಬ್ಯಾಡ ಅಂತ."

ನರ್ಸಮ್ಮ ಸಗಣಿ ಸಾರಿಸಿದ ನೆಲದ ಮೇಲೆ ಕುಳಿತುಬಿಟ್ಟರು. ಗಂಡನ ಜೊತೆ ಸೇರಿದ ಹೆಂಗಸು ಒಳಗೂ ತೊಳೆದು ನೀರು ಹುಯ್ದುಕೊಳ್ಳದೆ ಒಲೆ ಮುಟ್ಟುವಂತಿಲ್ಲ ಎಂಬುದು ನಮ್ಮ ಮನೆಯ ಕಟ್ಟುಪಾಡು. ಒಳಮನೆಯಲ್ಲಿ ದೇವರ ಪೆಟ್ಟಿಗೆ ಇತ್ತು. ಬೆಳಕು ಹರಿಯುವ ಹೊತ್ತಿಗೆ ಅತ್ತೆ ಬಚ್ಚಲ ಪಕ್ಕದಲ್ಲಿ ಕುಳಿತು ಸೊಸೆಯರ ನೀರಿನ ಸದ್ದು ಕೇಳುತ್ತಿದ್ದರು. ಔಷಧಿ ಒಳಗೆ ಉಳಿಯಬೇಕಾದದ್ದು ಆರು ಗಂಟೆ ಕಾಲ. ಗಡಿಯಾರವಿಲ್ಲದ ಹೆಂಗಸರಿಗೆ ಅದನ್ನು ತಿಳಿಸುವುದು ಹೇಗೆಂದು ನರ್ಸಮ್ಮ 'ಬೆಳಗಾಗುವವರೆಗೆ' ಎಂದಿದ್ದರು. ಗಂಡ ಹೆಂಡತಿ ಊಟ ಮಾಡಿ ಒಂಬತ್ತಕ್ಕೆ ಮಲಗುವ ಮನೆಗೆ ಆ ಲೆಕ್ಕ ಸರಿ. ಅಕ್ಕನಿಗೆ ಬೆಳಗಾಗಲು ಇನ್ನು ಅರ್ಧ ಗಂಟೆಯೂ ಇರುತ್ತಿರಲಿಲ್ಲ. ಅವಳು ಒಂದು ಮಾತೂ ಮೀರದೆ ಹೇಳಿದ್ದನ್ನೇ ಮಾಡಿದ್ದಳು. ಇದೇ ಕಾರಣವೋ, ಔಷಧಿಯೇ ಕೈಕೊಟ್ಟಿತೋ ಯಾರೂ ಹೇಳಲಾರರು. ನರ್ಸಮ್ಮ ಮಾತ್ರ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು.

"ಮಧುಗಿರಿಗೆ ಹೋಗಿ ತೆಗೆಸಿಬುಡಾನ. ಕಾನೂನು ಐತೆ, ನಾನೇ ಕರ್ಕಂಡು ಹೋಗ್ತೀನಿ" ಎಂದು ಅಕ್ಕನ ಕೈ ಹಿಡಿದುಕೊಂಡರು. ಅಕ್ಕ ಹೂಂ ಅಂದಳು. ಅಷ್ಟರಲ್ಲಿ ವಾಂತಿ ನೋಡಿದ ಅತ್ತೆ ದೇವರಿಗೆ ಹರಕೆ ಹೊತ್ತಾಗಿತ್ತು. ಮುಂದಿನ ವಾರ ಅಕ್ಕನೇ ಮಾತು ತಿರುಗಿಸಿದಳು. "ಈ ಸಲ ಗಂಡಾಗ್ಬುಟ್ರೆ ಎಲ್ರ ಬಾಯೂ ಮುಚ್ತೈತೆ. ಆಮೇಲೆ ಆಪರೇಶನ್ ಮಾಡಿಸ್ಕಂತೀನಿ ಬುಡಿ ನರ್ಸಮ್ಮ."

ಗಂಡೇ ಆಯಿತು. ರಕ್ತ ಮಾತ್ರ ನಿಲ್ಲಲಿಲ್ಲ. ಅಕ್ಕನನ್ನು ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ಮಧುಗಿರಿಗೆ ಹೊರಟೆವು. ನರ್ಸಮ್ಮ ಎರಡು ಕೈಯಲ್ಲೂ ಅವಳ ಹೊಟ್ಟೆ ಒತ್ತಿ ಹಿಡಿದು ದಾರಿಯುದ್ದಕ್ಕೂ ಮಂಡಿಯ ಮೇಲೆ ಕುಳಿತಿದ್ದರು. ಅರ್ಧ ದಾರಿಯಲ್ಲಿ ಅಕ್ಕ ಹೋದಳು. ನಮ್ಮತ್ತೆ ಅತ್ತರು, ಅದು ಸುಳ್ಳು ಅಳುವಲ್ಲ. ಆದರೆ ತಿಥಿಯ ದಿನ ಬಂದವರಿಗೆಲ್ಲ, "ವಂಶ ಉಳಿಸ್ಕೊಟ್ಟು ಹೋದ್ಳು" ಎಂದು ಹೇಳುತ್ತಿದ್ದರು. ನನಗೆ ಅವತ್ತು ಬಂದ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ.

ಅಲ್ಲಿಂದ ಮುಂದೆ ನರ್ಸಮ್ಮ ಬೇರೆಯೇ ಆದರು. ನಗೆಚಾಟಿಕೆ ನಿಂತಿತು. ಮಾತ್ರೆ ಕೇಳಿ ಬಂದ ಪ್ರತಿ ಹೆಂಗಸನ್ನೂ ಗಂಡ ಎಷ್ಟು ಹೊತ್ತಿಗೆ ಬರುತ್ತಾನೆ, ನೀರು ಯಾವಾಗ ಹುಯ್ದುಕೊಳ್ಳುತ್ತೀಯ ಎಂದು ಕೇಳದೆ ಮಾತ್ರೆ ಕೊಡುತ್ತಿರಲಿಲ್ಲ. ನನ್ನನ್ನೂ ಕೇಳಿದರು. ಎರಡನೆಯ ಹೆರಿಗೆಯಲ್ಲಿ ನಾನೂ ಸಾವಿನ ಬಾಗಿಲು ನೋಡಿ ಬಂದಿದ್ದೆ, ಮೈಯಲ್ಲಿ ರಕ್ತವೇ ಇರಲಿಲ್ಲ. ನನ್ನ ಗಂಡನೂ ಬಾವಿಯಿಂದ ಕೋಳಿ ಕೂಗುವ ಹೊತ್ತಿಗೇ ಬರುತ್ತಿದ್ದುದು. ನರ್ಸಮ್ಮ ಯೋಚಿಸಿ ಹೇಳಿಕೊಟ್ಟರು: "ತಲೆಗೆ, ಮೈಗೆ ನೀರು ಹುಯ್ಕ. ಒಳಗೆ ಮಾತ್ರ ಮಧ್ಯಾಹ್ನದವರ್ಗೂ ತೊಳೀಬ್ಯಾಡ. ನಿಮ್ಮತ್ತೆಗೆ ಬೇಕಾಗಿರೋದು ನೀರಿನ ಸದ್ದು ತಾನೆ?" ಇಷ್ಟೇ. ಆಮೇಲೆ ನಾಲ್ಕು ವರ್ಷ ನನಗೆ ಬಸಿರು ನಿಲ್ಲಲಿಲ್ಲ. ಮೈ ಸುಧಾರಿಸಿದ ಮೇಲೆ ಆಪರೇಶನ್ ಮಾಡಿಸಿಕೊಂಡೆ.

ಅವರ ಪ್ರಶ್ನೆ ಗಂಡಸರ ಕಿವಿಗೆ ಬಿತ್ತು. ಟೀ ಅಂಗಡಿಯಲ್ಲಿ ಅದನ್ನಿಟ್ಟುಕೊಂಡು ಹೊಲಸು ನಗೆಯಾಡಿದರು. ಕೊನೆಗೆ, ಮನೆ ಹೆಂಗಸರನ್ನು ಅಸಹ್ಯವಾಗಿ ಕೇಳುತ್ತಾಳೆ ಎಂದು ದೂರು ಬರೆದರು. ವಿಚಾರಣೆಗೆ ಮೇಲಿನವರೊಬ್ಬರು ಬಂದು ಚಾವಡಿಯಲ್ಲಿ ಕುಳಿತು, ಈಯಮ್ಮನ ಪರವಾಗಿ ಹೇಳುವವರು ಯಾರಾದರೂ ಇದ್ದೀರಾ ಎಂದು ಕೇಳಿದರು. ನಾವು ಹನ್ನೆರಡು ಹದಿಮೂರು ಹೆಂಗಸರು ಕಂಬದ ಹಿಂದೆ ನಿಂತಿದ್ದೆವು. ನನ್ನ ಪಕ್ಕದಲ್ಲಿ ಅತ್ತೆ ಇದ್ದರು. ನಾನು ಬಾಯಿ ಬಿಟ್ಟಿದ್ದರೆ ಮಾತ್ರೆಯ ಗುಟ್ಟು ಬಯಲಾಗುತ್ತಿತ್ತು. ನರ್ಸಮ್ಮ ಒಮ್ಮೆ ನಮ್ಮ ಕಡೆ ನೋಡಿ, ತಕ್ಷಣ ಮುಖ ಬೇರೆ ಕಡೆ ತಿರುಗಿಸಿಕೊಂಡರು. ನಮ್ಮನ್ನು ಸಿಕ್ಕಿಸಬಾರದೆಂದು ಹಾಗೆ ಮಾಡಿದರು ಎಂದು ನನಗೆ ಆಗಲೇ ಗೊತ್ತಾಯಿತು. ತಿಂಗಳೊಳಗೆ ಮದಲೂರಿನ ಕಡೆಗೆ ವರ್ಗವಾಯಿತು.

ವರ್ಷಗಳಾದ ಮೇಲೆ, ಅವರಿಗೆ ಹುಷಾರಿಲ್ಲವೆಂದು ಕೇಳಿ ಪಾವಗಡಕ್ಕೆ ಹೋದೆ. ತಂಗಿಯ ಮನೆಯ ಹಜಾರದಲ್ಲಿ ಮಲಗಿದ್ದರು. ಚಾವಡಿಯ ಮಾತು ಎತ್ತಿ ತಪ್ಪಾಯಿತು ಎನ್ನಬೇಕೆಂದೇ ಹೋಗಿದ್ದೆ. ಬಾಯಿಗೆ ಬಂದದ್ದು, "ನಾನು ಉಳಿದಿದ್ದು ನಿಮ್ಮಿಂದ ನರ್ಸಮ್ಮ" ಎಂದಷ್ಟೇ.

ಅವರು ನನ್ನ ಕಡೆಗೆ ಹೊರಳಿದರು. "ನಿಮ್ಮಕ್ಕ ಹೋಗದಿದ್ರೆ ನಿಂಗೆ ಅದನ್ನ ಹೇಳ್ಕೊಡಕ್ಕೆ ನಂಗೇ ಗೊತ್ತಿರ್ಲಿಲ್ಲ ತಲ್ಲೀ" ಎಂದರು. ಅಕ್ಕನ ಮಕ್ಕಳು ಹೇಗಿದ್ದಾರೆ, ಹೆಣ್ಣು ಮಕ್ಕಳನ್ನು ಓದಿಸುತ್ತಿದ್ದೀರಾ ಎಂದು ಕೇಳಿದರು. ಚಾವಡಿಯ ಮಾತು ಮುಂದಿನ ಸಲ ಹೇಳೋಣ ಎಂದುಕೊಂಡು ಬಸ್ಸು ಹತ್ತಿದೆ. ಹನ್ನೆರಡು ದಿನಕ್ಕೆ ಅವರು ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ಹೋಗುತ್ತೇನೆ ಎಂದೆ. ಯಾರು ಸತ್ತಿದ್ದು, ನಿನಗೇನಾಗಬೇಕು ಎಂದು ಅತ್ತೆ ಕೇಳಿದರು. ಆಗಲೂ ನಾನು ನಿಜ ಹೇಳಲಿಲ್ಲ. ದೂರದ ಸಂಬಂಧ ಎಂದೆ.