ಗಾಳದ ರೀಲಿಗೆ ಉಪ್ಪುನೀರಿನ ಜಳಕ

ಬೆಳಿಗ್ಗೆ ಹೊಲಿಗೆ ಮಷಿನ್ನಿಗೆ ಎಣ್ಣೆ ಬಿಡುತ್ತಿದ್ದೆ. ಆ ವಾಸನೆಗೆ ನಮ್ಮ ಚಿಕ್ಕಪ್ಪ ನೆನಪಾದ. ಅಂಥ ಜಂಬಗಾರನನ್ನು ಸಿರುಗುಪ್ಪ ಮತ್ತೆ ಕಂಡಿರಲಿಕ್ಕಿಲ್ಲ.

ಮದ್ರಾಸಿನಲ್ಲಿ ಒಬ್ಬ ದೊರೆಯ ಬಂಗಲೆಯಲ್ಲಿ ಜವಾನನಾಗಿದ್ದ. ದೊರೆ ಹಡಗು ಹತ್ತುವಾಗ, ಸಮುದ್ರದ ಮೀನು ಹಿಡಿಯುವ ಗಾಳದ ದಾರ ಸುತ್ತುವ ಹಿತ್ತಾಳೆ ರೀಲೊಂದನ್ನು ಇವನಿಗೆ ಕೊಟ್ಟು ಹೋದನಂತೆ. ಇವನೋ ಮೀನಿನ ವಾಸನೆಗೇ ಮೂಗು ಮುಚ್ಚುವವನು. ಆದರೂ ಊರಿಗೆ ಬಂದ ಮೇಲೆ ಪ್ರತಿ ಭಾನುವಾರ ನಮ್ಮ ಅಂಗಳದಲ್ಲಿ ಕೂತು ಅದನ್ನು ಸಿಹಿನೀರಲ್ಲಿ ತೊಳೆದು, ಒರೆಸಿ, ಎಣ್ಣೆ ಬಿಡುತ್ತಿದ್ದ. ಅದಕ್ಕೆ ಅವ್ವ ಹೊಳೆಯಿಂದ ಹೊತ್ತು ತಂದ ಕುಡಿಯುವ ನೀರೇ ಒಂದು ಕೊಡ ಬೇಕು.

“ಸಮುದ್ರದ ಉಪ್ಪು ಹೋಗಾಕ ತೊಳೀಬೇಕು, ದೊರಿ ಹಂಗಾ ಮಾಡ್ತಿದ್ದ” ಅನ್ನುತ್ತಿದ್ದ.

“ಇಲ್ಲಿ ಉಪ್ಪು ಎಲ್ಲೈತಪಾ?” ಅಂದಳು ಅವ್ವ ಒಂದು ದಿನ.

ಮುಂದಿನ ಭಾನುವಾರ ಮಹಾಶಯ ಅಡುಗೆಮನೆಗೆ ನುಗ್ಗಿ, ಗಡಿಗೆಯಿಂದ ಹಿಡಿ ಉಪ್ಪು ತಂದು ಬೋಗುಣಿ ನೀರಿಗೆ ಕದಡಿ, ರೀಲನ್ನು ಅದರಲ್ಲಿ ಮುಳುಗಿಸಿದ. ಆಮೇಲೆ ಕೊಡದ ನೀರಲ್ಲಿ ತೊಳೆದ. ಈಗ ತೊಳೆಯಲು ಕಾರಣ ಸಿಕ್ಕಿತ್ತಲ್ಲ!

ವಾರವಾರವೂ ಇದೇ ಸೇವೆ ನಡೆದು, ಕೊನೆಗೆ ರೀಲು ಕಿಲುಬು ಹಿಡಿದು ಹಿಡಿಕೆ ತಿರುಗದಾಯಿತು.

“ಥೂ, ಈ ಊರ ನೀರಾ ಸರಿ ಇಲ್ಲ” ಅಂದ.

ಅವತ್ತು ಮಧ್ಯಾಹ್ನ ಅವ್ವ ಅವನಿಗೆ ರೊಟ್ಟಿ ಬಡಿಸಿದಳು, ನೀರಿನ ತಂಬಿಗೆ ಮಾತ್ರ ಇಡಲಿಲ್ಲ. ಖಾರಕ್ಕೆ ಬಿಕ್ಕಳಿಕೆ ಹತ್ತಿ ಅವನು ಸುತ್ತಮುತ್ತ ನೋಡಿದ.

“ಕೆಟ್ಟ ನೀರಪಾ, ನಿನಗ್ಯಾಕ?” ಅಂದಳು ಅವ್ವ.

ಎಣ್ಣೆ ಬಿಟ್ಟು ಮುಗಿಸಿ, ಕೈ ಒರೆಸಿಕೊಂಡು, ಒಂದು ತಂಬಿಗೆ ನೀರು ಪೂರಾ ಕುಡಿದೆ. ನಮ್ಮೂರಿನದೇ.