ರೀಲಿನ ಡಬ್ಬಿಯಲ್ಲಿ ಒಂದು ತುತ್ತು ಅನ್ನ

ಬೋರ್ನಿಯೊದ ಕಾಡಿನಲ್ಲಿ ಕೋತಿಗಳ ದಾರಿಗೆ ಅನ್ನ ಇಟ್ಟವಳು ನಾನು. ನನ್ನ ಓರಗಿತ್ತಿ ಶಾರದಕ್ಕ ಅಲ್ಲ. ನಮ್ಮ ನೆಂಟರು ಮದುವೆ ಮುಂಜಿಗಳಲ್ಲಿ ಇಷ್ಟು ವರ್ಷ ನಗುನಗುತ್ತಾ ಹೇಳಿಕೊಂಡು ಬಂದಿರುವ ಕತೆ — ‘ಹಡಗು ಹತ್ತಿ ಹೋಗಿ ಕಾಡಲ್ಲಿ ಕಾಗೆ ಕರೆದ ಶಾರದಕ್ಕ’ — ಅದು ಶುದ್ಧ ಸುಳ್ಳು. ಆ ಸುಳ್ಳನ್ನು ಹುಟ್ಟಿಸಿದವಳೂ ನಾನೇ. ಅದೂ ಶಾರದಕ್ಕನ ಎದುರಿಗೇ ನಿಂತು, ಅವರಿಗೆ ಬಾರದ ಭಾಷೆಯಲ್ಲಿ.

ಇಂಥದ್ದನ್ನು ಬರೆಯುವಾಗ ಕಣ್ಣೀರು ಬರಬೇಕಿತ್ತೇನೋ. ನನಗೆ ಬರುತ್ತಿರುವುದು ಸಿಟ್ಟು. ನಕ್ಕವರ ಮೇಲೆ ಸಿಟ್ಟು, ಆ ಹಡಗಿನವನ ಮೇಲೆ ಸಿಟ್ಟು, ನನ್ನ ಅಣ್ಣಂದಿರ ಮೇಲೆ ಸಿಟ್ಟು. ಎಲ್ಲರನ್ನೂ ಬೈದು ಮುಗಿಸಿದ ಮೇಲೆ ಉಳಿಯುವವಳು ಒಬ್ಬಳೇ ಇದ್ದಾಳೆ. ಅವಳನ್ನು ಇಷ್ಟು ದಿನ ಯಾರೂ ಬೈದಿಲ್ಲ.

ನಮ್ಮದು ಗವಿಪುರದ ಮನೆ. ಭಾವ ಮತ್ತು ನಮ್ಮವರು, ಅಣ್ಣ ತಮ್ಮ ಇಬ್ಬರೂ ಸೇರಿ ನಗರ್ತಪೇಟೆಯಲ್ಲಿ ಬಣ್ಣದ ಅಂಗಡಿ ನಡೆಸುತ್ತಿದ್ದರು. ನಾನು ಚಾಮರಾಜಪೇಟೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರು — ಹೌದು, ಮೇಷ್ಟ್ರು ಎಂದೇ ಮಕ್ಕಳು ಕರೆಯುತ್ತಿದ್ದರು, ನನ್ನ ಗಂಟಲು ಹಾಗಿತ್ತು. ಅಂಗಡಿಯ ಗೋಡೆಯಲ್ಲಿ ಬಣ್ಣದ ಕಂಪನಿಯ ಒಂದು ಹಳೆಯ ಕ್ಯಾಲೆಂಡರ್ ಇತ್ತು. ಅದರಲ್ಲಿ ಮಳೆಕಾಡಿನ ದೊಡ್ಡ ಮಂಗಟ್ಟೆ ಹಕ್ಕಿ, ಕೊಕ್ಕಿನ ಮೇಲೆ ಇನ್ನೊಂದು ಕೊಕ್ಕು ಕೂರಿಸಿದ ಹಾಗೆ. ವರ್ಷ ಕಳೆದರೂ ಭಾವ ಆ ಹಾಳೆಯನ್ನು ತೆಗೆಯಲಿಲ್ಲ. ಅಂಗಡಿಗೆ ಶಾರದಕ್ಕ ಊಟದ ಕ್ಯಾರಿಯರ್ ತಂದಾಗಲೆಲ್ಲ “ಇದನ್ನ ಒಂದಿನ ನೋಡ್ಬೇಕು ಕಣೇ, ನಿಜವಾದ್ದನ್ನ” ಎನ್ನುತ್ತಿದ್ದರು. ನೋಡಲಿಲ್ಲ. ಹೃದಯಾಘಾತವಾಗಿ ಹೋಗಿಬಿಟ್ಟರು. ಅಂದಿನಿಂದ ಅಕ್ಕ ದಿನಾ ತಾವು ಉಣ್ಣುವ ಮೊದಲು ಮಹಡಿಗೆ ಹೋಗಿ ಕಾಗೆಗೆ ಒಂದು ಹಿಡಿ ಅನ್ನ ಇಡುತ್ತಿದ್ದರು. ಕಾಗೆ ಮುಟ್ಟದೆ ಅವರು ಎಲೆಯ ಮುಂದೆ ಕೂತದ್ದು ನಾನು ನೋಡಿಲ್ಲ.

ನಾನು ಅದನ್ನು ಆಡಿಕೊಳ್ಳುತ್ತಿದ್ದೆ. ಸ್ಟಾಫ್ ರೂಮಿನಲ್ಲಿ, ಮನೆಯಲ್ಲಿ, ಅಕ್ಕನ ಎದುರಿಗೇ. “ಅಕ್ಕ, ಭಾವ ಬದುಕಿದ್ದಾಗ ತುಪ್ಪ ಇಲ್ದೆ ಉಣ್ತಿರ್ಲಿಲ್ಲ, ಈಗ ಬರೀ ಅನ್ನಕ್ಕೆ ಬರ್ತಾರಾ?” ಎಂದಿದ್ದೆ ಒಮ್ಮೆ. ಅಕ್ಕ ನಕ್ಕು, ಮಾರನೆಯ ದಿನದಿಂದ ತುಪ್ಪ ಹಾಕತೊಡಗಿದರು. ಅಂಥವರು.

ತೊಂಬತ್ತರ ದಶಕದ ಕೊನೆ. ಚೆನ್ನಾಗಿ ಮಾರಿದ ಅಂಗಡಿಯವರನ್ನು ಕಂಪನಿ ವಿದೇಶಕ್ಕೆ ಕಳಿಸುವುದು ಆಗ ಹೊಸ ಶೋಕಿ. ಆ ಸಲ ಸಿಂಗಪುರದಿಂದ ಮುಂದೆ, ಬೋರ್ನಿಯೊದ ತೀರದುದ್ದಕ್ಕೂ ಒಂದು ಪುಟ್ಟ ಬಿಳಿಯ ಹಡಗಿನಲ್ಲಿ ಪ್ರವಾಸ. ನದಿಯ ಬಾಯಿಗಳಲ್ಲಿ ಲಂಗರು ಹಾಕುವುದು, ರಬ್ಬರ್ ದೋಣಿಯಲ್ಲಿ ಇಳಿದು ಮೀಸಲು ಕಾಡು ನೋಡುವುದು, ಸಂಜೆ ಹಡಗಿಗೆ ಮರಳುವುದು. ನಮ್ಮವರು, ನಾನು, ಮತ್ತು ಭಾವನ ಜಾಗದಲ್ಲಿ ಶಾರದಕ್ಕ. “ನನಗ್ಯಾಕೆ ಹಡಗು? ಗವಿ ಗಂಗಾಧರನ ಗುಡೀಗೇ ಹೋಗ್ಬರೋಕೆ ಮಂಡಿ ನೋವು” ಎಂದರು. ಮಂಗಟ್ಟೆ ಹಕ್ಕಿ ಅಲ್ಲೇ ಇರೋದು ಎಂದೆ. ಅಷ್ಟೇ, ಮಾರನೆಯ ದಿನವೇ ಗೊಜ್ಜವಲಕ್ಕಿ ಪುಡಿ ಕುಟ್ಟಲು ಕೂತರು.

ಅಬ್ಬಾ, ಆ ಹಡಗಿನ ವೈಭೋಗ! ಕಾಡಿನಿಂದ ಬಂದರೆ ಬಾಗಿಲಲ್ಲೇ ಮಜ್ಜಿಗೆ ಹುಲ್ಲಿನ ವಾಸನೆಯ ತಣ್ಣನೆ ಟವೆಲ್. ದಿಂಬಿನ ಮೇಲೆ ಸೀತಾಳೆ ಹೂವು. ನಮ್ಮವರು ಅದನ್ನೆಲ್ಲ ನೋಡಿದ್ದೇ ಕಡಿಮೆ — ಮೊದಲ ದಿನವೇ ವಾಂತಿ ಹಿಡಿದು ಕೋಣೆಯಲ್ಲಿ ಮಲಗಿದವರು ಪ್ರವಾಸ ಮುಗಿಯುವ ತನಕ ಏಳಲಿಲ್ಲ. ಇಳಿಯುವ ಮುನ್ನ ನಿಯಮ ಕಟ್ಟುನಿಟ್ಟು. ಬೂಟನ್ನು ಔಷಧಿ ನೀರಿನಲ್ಲಿ ತೊಳೆಯಬೇಕು, ಚೀಲ ಬಿಚ್ಚಿ ತೋರಿಸಬೇಕು. ಒಂದು ಬೀಜ, ಒಂದು ಬಿಸ್ಕತ್ತು ಕೂಡ ಕಾಡಿಗೆ ಹೋಗಕೂಡದು. ತಂಡದ ನಾಯಕ, ಬಿಸಿಲಿಗೆ ಕೆಂಪಾದ ಒಬ್ಬ ಆಂಗ್ಲ, ಇದನ್ನು ದಿನಾ ಹೇಳುತ್ತಿದ್ದ. ಅಕ್ಕ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರತಿ ಮಾತೂ ಕನ್ನಡದಲ್ಲಿ ಹೇಳಿಸಿಕೊಳ್ಳುತ್ತಿದ್ದರು. ಮೊದಲ ದಿನ ಅವರು ಹಡಗಿನ ಕಟಕಟೆಯ ಮೇಲೆ ಹಿಡಿ ಅನ್ನ ಇಟ್ಟಿದ್ದರು. ಇಡಬಾರದು ಎಂದು ಆತ ಹೇಳಿದ, ನಾನು ತಿಳಿಸಿದೆ. “ಅವರ ಜಾಗ, ಅವರ ಪದ್ಧತಿ” ಎಂದವರೇ ಆಮೇಲಿಂದ ತಮ್ಮ ಕೋಣೆಯ ಕಿಟಕಿಯ ಹತ್ತಿರ ಒಂದು ಬಟ್ಟಲಲ್ಲಿ ಹಿಡಿ ಅನ್ನ ಇಟ್ಟು, ಕೈ ಮುಗಿದು, ಆಮೇಲೆ ಉಣ್ಣುತ್ತಿದ್ದರು. ಕೋಣೆ ಗುಡಿಸಲು ಬರುವ ಕೆಲಸದವಳು ಸಂಜೆ ಅದನ್ನು ಒಯ್ಯುತ್ತಿದ್ದಳು.

ಅಲ್ಲಿಗೆ ನಿಯಮ ಪಾಲಿಸಿದವರು ಯಾರು, ಮುರಿದವರು ಯಾರು, ನೀವೇ ನೋಡಿ.

ಒಂದು ಬೆಳಿಗ್ಗೆ ಅಕ್ಕ ಎಂದಿನ ಹಾಗೆ ಪಂಚಾಂಗ ಬಿಚ್ಚಿ “ಇವತ್ತು ನವಮಿ” ಎಂದರು. ಅಂದು ನನ್ನ ಅಮ್ಮನ ತಿಥಿ. ಅಮ್ಮ ಹೋಗಿ ಆಗಲೇ ಕೆಲವು ವರ್ಷ. ನನಗೆ ಇಬ್ಬರು ಅಣ್ಣಂದಿರು. ‘ಅವನು ಮಾಡ್ತಾನೆ’ ಎಂದು ಇವನು, ‘ಇವನು ಮಾಡ್ತಾನೆ’ ಎಂದು ಅವನು. ಹಿಂದಿನ ವರ್ಷ ಫೋನು ಮಾಡಿ ಕೇಳಿದ್ದಕ್ಕೆ ದೊಡ್ಡವನು “ಕೊಟ್ಟ ಹೆಣ್ಣು, ನಿನಗ್ಯಾಕಮ್ಮ ಈ ಉಸಾಬರಿ? ನೀನೇನು ನಂಬ್ತೀಯಾ ಇದನ್ನೆಲ್ಲ?” ಎಂದಿದ್ದ. ನಂಬುತ್ತಿರಲಿಲ್ಲ. ಆದರೆ — ಅಮ್ಮ ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ಅನ್ನ ಬೇಕು ಎಂದು ಕೈ ಚಾಚುತ್ತಿದ್ದಳು, ಡಾಕ್ಟರು ಕೊಡಬೇಡಿ ಎಂದಿದ್ದರು, ನಾನು ಕೊಡಲಿಲ್ಲ. ಆ ಕೈ ನನ್ನ ಕಣ್ಣ ಮುಂದೆ ಇತ್ತು. ಇದನ್ನು ನೆಪ ಎಂದು ಹೇಳುತ್ತಿಲ್ಲ. ಆದದ್ದು ಹೇಳುತ್ತಿದ್ದೇನೆ.

ಅಕ್ಕ ಊಟದ ಮನೆಯಲ್ಲಿದ್ದಾಗ ಅವರ ಕೋಣೆಗೆ ಹೋದೆ. ಬಟ್ಟಲಿನ ಅನ್ನ ಪೂರ್ತಿ ಬಾಚಿದೆ. ಕ್ಯಾಮೆರಾ ರೀಲಿನ ಕಪ್ಪು ಪ್ಲಾಸ್ಟಿಕ್ ಡಬ್ಬಿಯೊಳಗೆ ಒತ್ತಿ ತುಂಬಿದೆ. ಇಳಿಯುವ ಹೊತ್ತಿಗೆ ಅಕ್ಕನ ಚೀಲವನ್ನು ಎರಡು ಸಲ ತಡಕಿದರು, ಔಷಧಿಯ ಸ್ಟೀಲ್ ಡಬ್ಬಿಯನ್ನೂ ತೆರೆಸಿದರು. ನನ್ನ ಕ್ಯಾಮೆರಾ ಚೀಲದಲ್ಲಿ ಆರು ಡಬ್ಬಿ ಇದ್ದವು. ಪ್ಯಾಂಟು ಶರ್ಟು ಹಾಕಿದ್ದೆ, ಇಂಗ್ಲಿಷ್ ಮಾತಾಡುತ್ತಿದ್ದೆ. ಒಂದನ್ನೂ ಯಾರೂ ತೆರೆಯಲಿಲ್ಲ.

ಕಾಡಿನೊಳಗೆ ಹಲಗೆ ಹಾಸಿದ ದಾರಿ. ಎಲ್ಲರೂ ಮರದ ತುದಿಯ ಕಡೆ ಕತ್ತು ಎತ್ತಿದ್ದಾಗ ಹಿಂದುಳಿದು, ಹಳ್ಳದ ಪಕ್ಕದ ಕಲ್ಲಿನ ಮೇಲೆ ಎಲೆ ಹಾಸಿ ಅನ್ನ ಇಟ್ಟೆ. “ಬಾಮ್ಮ, ಉಣ್ಣು” ಎಂದೆ. ಕಾಡಿನ ಪ್ರಾಣಿಗೆ ಮನುಷ್ಯರ ಅನ್ನದ ರುಚಿ ಹತ್ತಿಸಬಾರದು ಎಂದು ಎಂಟನೇ ಕ್ಲಾಸಿನ ಮಕ್ಕಳಿಗೆ ಪಾಠ ಮಾಡುತ್ತಿದ್ದ ಅದೇ ಬಾಯಿ!

ಕಾಗೆ ಬರಲಿಲ್ಲ. ಬಂದದ್ದು ಉದ್ದ ಬಾಲದ ಕೋತಿಗಳು — ಒಂದು, ನಾಲ್ಕು, ಆಮೇಲೆ ಇಡೀ ಹಿಂಡು. ಎಲೆ ಖಾಲಿಯಾದದ್ದೇ ತಡ, ಇನ್ನೂ ಇದೆ ಎಂದು ನಮ್ಮ ಹಿಂದೆ ಬಿದ್ದವು. ಟೋಪಿ ಕಿತ್ತವು, ಚೀಲ ಎಳೆದವು. ಕೊಯಮತ್ತೂರಿನ ಅಂಗಡಿಯ ಯಜಮಾನರೊಬ್ಬರು ಚೀಲ ಬಿಡಲಿಲ್ಲ, ಅವರ ಮಣಿಕಟ್ಟಿಗೆ ಕಚ್ಚಿ ರಕ್ತ ಸುರಿಯಿತು. ಕೂಗಾಟ, ಓಟ. ದೋಣಿ ಹತ್ತುವ ಮೊದಲು ನಾಯಕ ಹಿಂದಕ್ಕೆ ಹೋಗಿ ನೋಡಿ ಬಂದ. ಕೈಯಲ್ಲಿ ಅಗುಳು ಅಂಟಿದ ಎಲೆ ಇತ್ತು.

ಅನ್ನ ಎಂದ ಮೇಲೆ ಇನ್ಯಾರು? ಇಡೀ ಹಡಗಿಗೆ ಅಕ್ಕನ ಬಟ್ಟಲು ಗೊತ್ತಿತ್ತು. ಕೆಲಸದವಳನ್ನು ಕೇಳಿದರು, ಇವತ್ತು ಬಟ್ಟಲು ಖಾಲಿ ಇತ್ತು ಎಂದಳು. ಅವಳು ಹೇಳಿದ್ದು ನಿಜವೇ.

ನಾಯಕನ ಪುಟ್ಟ ಕೋಣೆಗೆ ಅಕ್ಕನನ್ನು ಕರೆಸಿದರು. ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ಹೇಳಲು ನಾನು. ಎಲೆಯನ್ನು ಮೇಜಿನ ಮೇಲಿಟ್ಟು ಆತ ಕೇಳಿದ, ಇಟ್ಟವರು ಇವರೇನಾ ಎಂದು. ನಾನು ಕನ್ನಡದಲ್ಲಿ ಕೇಳಿದೆ. ಅಕ್ಕ ಹೆದರಿರಲಿಲ್ಲ, ಬೇಜಾರಾಗಿದ್ದರು ಅಷ್ಟೆ.

“ನಾನಲ್ಲ ಅಂತ ಹೇಳು ವಿಜಿ. ಇಡ್ಬಾರ್ದು ಅಂತ ಅವರು ಹೇಳಿದ್ಮೇಲೆ ಕಾಡಲ್ಲಿ ಒಂದು ಅಗುಳೂ ಹಾಕಿಲ್ಲ. ಬಟ್ಟಲು ಹ್ಯಾಗೆ ಖಾಲಿ ಆಯ್ತೋ ನನಗೆ ಗೊತ್ತಿಲ್ಲ. ಆ ಯಜಮಾನ್ರಿಗೆ ಹೀಗಾಯ್ತಲ್ಲ, ಪಾಪ. ಆದ್ರೆ ನಾನಲ್ಲ ಅಂತ ಹೇಳು.”

ನಾನು ಅವನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದೆ: ಇವರಿಗೆ ಗೊತ್ತಾಗಲಿಲ್ಲವಂತೆ. ತಪ್ಪಾಯಿತಂತೆ. ಕ್ಷಮಿಸಬೇಕಂತೆ.

ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ.

ಆತ ತಲೆಯಾಡಿಸಿದ. ಇನ್ನು ಇವರನ್ನು ದಡಕ್ಕೆ ಇಳಿಸುವುದಿಲ್ಲ, ಉಳಿದ ದಿನಗಳೆಲ್ಲ ಹಡಗಿನಲ್ಲೇ ಇರಬೇಕು ಎಂದ. ಅಕ್ಕನ ಮುಖವನ್ನೊಮ್ಮೆ ಸರಿಯಾಗಿ ನೋಡಿದ್ದರೂ ಅವನಿಗೆ ಅನುಮಾನ ಬರಬೇಕಿತ್ತು. ಕ್ಷಮೆ ಕೇಳುವವರ ಮುಖವೇ ಅದು? ಆದರೆ ಅವನಿಗೆ ತಪ್ಪಿತಸ್ಥರು ಒಬ್ಬರು ಬೇಕಿತ್ತು. ಒಂಬತ್ತು ಗಜದ ಸೀರೆಯುಟ್ಟ, ಅವನ ಭಾಷೆ ಬಾರದ ಹೆಂಗಸು ಸಿಕ್ಕರು. ಮುಗಿಯಿತು.

“ಏನಂದ್ರು?” ಎಂದರು ಅಕ್ಕ. ನಾನು ಎರಡನೆಯ ಸುಳ್ಳು ಹೇಳಿದೆ. “ನಾನು ಎಷ್ಟು ಹೇಳಿದ್ರೂ ನಂಬ್ತಿಲ್ಲ ಅಕ್ಕ.”

ಅಕ್ಕ ನನ್ನ ಬೆನ್ನು ಸವರಿದರು. “ಹೋಗ್ಲಿ ಬಿಡು. ನೀನು ಯಾಕೆ ಅವರ ಹತ್ರ ನಿಷ್ಠುರ ಆಗ್ತೀಯ.”

ಯಾಕೆ ಹಾಗೆ ಮಾಡಿದೆ? ದಂಡಕ್ಕೆ ಹೆದರಿ ಅಲ್ಲ. ಎಲ್ಲರನ್ನೂ ಆಡಿಕೊಂಡಿದ್ದ ವಿಜ್ಞಾನದ ಮೇಷ್ಟ್ರು ಕದ್ದು ಪಿಂಡ ಇಟ್ಟಳು ಎಂದು ತಿಳಿದರೆ ನನ್ನ ಮರ್ಯಾದೆ ಏನಾಗಬೇಕು ಎಂದು. ಇನ್ನೂ ಒಂದಿದೆ, ಅದನ್ನೂ ಹೇಳಿಬಿಡುತ್ತೇನೆ — ಮರುದಿನ ಮಂಗಟ್ಟೆ ಹಕ್ಕಿ ಕೂರುವ ದೊಡ್ಡ ಮರದ ಹತ್ತಿರ ಕರೆದೊಯ್ಯುವವರಿದ್ದರು. ನನಗೆ ಅದನ್ನು ನೋಡಬೇಕಿತ್ತು.

ನೋಡಿದೆ. ತಲೆಯ ಮೇಲಿಂದ ಅದು ಹಾರಿದಾಗ ರೆಕ್ಕೆಯ ಸದ್ದು ಎದೆಗೆ ಬಡಿಯಿತು. ಇಡೀ ರೀಲು ತೆಗೆದೆ. ದೋಣಿಯಲ್ಲಿ ಮರಳುವಾಗ ಹಡಗಿನ ಕಡೆ ನೋಡಿದರೆ, ಮೇಲಿನ ಅಟ್ಟದಲ್ಲಿ ಅಕ್ಕ ಒಬ್ಬರೇ ಕೂತು ನಮ್ಮ ದೋಣಿಯ ದಾರಿ ನೋಡುತ್ತಿದ್ದರು. ಬೆಂಗಳೂರಿಗೆ ಬಂದು ಫೋಟೋ ತೊಳೆಸಿ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. “ಇಷ್ಟು ದೊಡ್ಡದಾ! ನಿಮ್ಮ ಭಾವ ಇದ್ದಿದ್ರೆ…” ಎಂದರು. ಥೂ, ನನ್ನ ಜನ್ಮಕ್ಕಿಷ್ಟು!

ಕತೆ ನಮ್ಮ ಜೊತೆಯಲ್ಲೇ ಊರು ಸೇರಿತು. ನಮ್ಮವರೇ ಅಂಗಡಿಯಲ್ಲಿ ಹೇಳಿದರು. ಅವರಿಗೆ ಗೊತ್ತಿದ್ದದ್ದು ನಾನು ಹೇಳಿದ್ದು ಮಾತ್ರ. ಗಾಂಧಿ ಬಜಾರಿನಲ್ಲಿ ಸಿಕ್ಕ ನೆಂಟರು “ಏನ್ರೀ ಶಾರದಮ್ಮ, ಕೋತಿಗಳೆಲ್ಲ ಸೌಖ್ಯಾನಾ?” ಎನ್ನುತ್ತಿದ್ದರು. ಮೊದಮೊದಲು ಅಕ್ಕ “ನಾನಲ್ಲ ಕಣ್ರೀ” ಎನ್ನುತ್ತಿದ್ದರು. “ವಿಜಿ ನನ್ನ ಪರ ಎಷ್ಟು ವಾದ ಮಾಡಿದ್ಲು, ಆ ಮನುಷ್ಯ ಕೇಳ್ಲೇ ಇಲ್ಲ” ಎಂದೂ ಸೇರಿಸುತ್ತಿದ್ದರು. ಕೇಳಿದವರು ಇನ್ನಷ್ಟು ನಗುತ್ತಿದ್ದರು.

ಆಮೇಲೆ ಒಂದು ದಿನ ಮಹಡಿಯಿಂದ ಕಾಗೆಯ ಕೂಗು ನಿಲ್ಲದೆ ಬರುತ್ತಿತ್ತು. ಅಕ್ಕ ಎಲೆಯ ಮುಂದೆ ಕೂತಿದ್ದರು. ಇವತ್ತು ಇಡಲಿಲ್ವಾ ಎಂದೆ. “ಇಲ್ಲ ವಿಜಿ, ಬಿಟ್ಬಿಟ್ಟೆ. ನನಗೇ ಮರೆವೋ ಏನೋ. ಬಟ್ಟಲು ಸುಮ್ಮನೆ ಹ್ಯಾಗೆ ಖಾಲಿ ಆಗುತ್ತೆ? ನಾನೇ ಇಟ್ಟು ಮರೆತಿರ್ಬೇಕು. ನನ್ನ ಕೈ ಮೇಲೇ ನನಗೆ ನಂಬಿಕೆ ಇಲ್ಲ ಈಗ” ಎಂದರು. ಆವತ್ತು ಬಾಯಿ ಬಿಡಬೇಕಿತ್ತು. ಸಾರು ಬಡಿಸಿದೆ.

ಅಂದಿನಿಂದ ಅವರು ಎಲ್ಲವನ್ನೂ ನನ್ನನ್ನು ಕೇಳುತ್ತಾರೆ. ಗ್ಯಾಸ್ ಆರಿಸಿದೆನಾ, ಬಾಗಿಲು ಹಾಕಿದೆನಾ, ಮಾತ್ರೆ ನುಂಗಿದೆನಾ. ಮನೆಯಲ್ಲಿ ಎಲ್ಲರೂ ವಯಸ್ಸಾಯಿತು ಎನ್ನುತ್ತಾರೆ. ವಯಸ್ಸಲ್ಲ. ಸರಿಯಾಗಿದ್ದ ಒಂದು ತಲೆಯೊಳಗೆ ನಾನು ಹೊಗಿಸಿದ ಅನುಮಾನ ಅದು. ಅವರ ಜ್ಞಾಪಕ ನನ್ನದಕ್ಕಿಂತ ಗಟ್ಟಿ ಎಂದು ಬಲ್ಲವಳು ಜಗತ್ತಿನಲ್ಲಿ ನಾನೊಬ್ಬಳೇ.

ಹೋದ ವಾರ ಮನೆಯಲ್ಲಿ ಸೀಮಂತ ಇತ್ತು. ಯಾರೋ ಹೊಸ ಸೊಸೆಗೆ ಮತ್ತೆ ಅದೇ ಕತೆ ಹೇಳಿದರು. ಎಲ್ಲರ ಜೊತೆ ಅಕ್ಕನೂ ನಕ್ಕರು, “ಹೌದಮ್ಮ, ನಾನೇ ಇಟ್ಟಿದ್ದು, ಬುದ್ಧಿ ಇರ್ಲಿಲ್ಲ” ಎಂದರು. ಅವರು ಒಪ್ಪಿಕೊಂಡುಬಿಟ್ಟಿದ್ದರು! ನಾನು ತಟ್ಟೆ ಕುಕ್ಕಿ “ನಾಚಿಕೆ ಆಗಲ್ವಾ ನಿಮಗೆಲ್ಲ, ವಯಸ್ಸಾದವರನ್ನ ಆಡ್ಕೊಳ್ಳೋಕೆ?” ಎಂದು ಕಿರುಚಿದೆ. ಅಕ್ಕ ನನ್ನ ಕೈ ಹಿಡಿದುಕೊಂಡು ಪಕ್ಕದವರಿಗೆ ಹೇಳಿದರು: “ನೋಡಿ, ಆವತ್ತೂ ಹೀಗೇ, ನನ್ನ ಬಿಟ್ಟುಕೊಡ್ಲಿಲ್ಲ.”

ಆ ಕೈ ಇನ್ನೂ ಸುಡುತ್ತಿದೆ.

ಅಕ್ಕ, ಭಾನುವಾರ ಎಲ್ಲರೂ ಊಟಕ್ಕೆ ಬರುತ್ತಾರೆ. ನಕ್ಕವರೆಲ್ಲ ಬರುತ್ತಾರೆ. ಎಲೆ ಹಾಕುವ ಮೊದಲು ಇದನ್ನು ಓದುತ್ತೇನೆ, ಕನ್ನಡದಲ್ಲಿ, ನಿಮ್ಮ ಎದುರಿಗೆ ನಿಂತು. ನೀವು ಕೈ ಬಿಡಿಸಿಕೊಂಡರೆ ಬಿಡಿಸಿಕೊಳ್ಳಿ, ಮಾತು ಬಿಟ್ಟರೆ ಬಿಡಿ. ಕ್ಷಮಿಸಿ ಎಂದು ಕೇಳುವುದಿಲ್ಲ. ಆ ಮಾತನ್ನು ಒಮ್ಮೆ ನಿಮ್ಮ ಹೆಸರಿನಲ್ಲಿ ಕೇಳಿ ಹಾಳು ಮಾಡಿದ್ದೇನೆ. ನೀವು ಹೇಳು ಎಂದದ್ದು ಒಂದೇ ಒಂದು ಮಾತು. ಅದನ್ನು ಈಗ ಹೇಳುತ್ತೇನೆ.

ಇವರಲ್ಲ.