ಜಾಕೆಟ್ಟಿನ ಮೇಲೆ ಬಾಟಲಿ ನೀರು

ಮಾರನೆಯ ದಿನ ಕೆಲಸದ ಮೇಲೆ ತವಾಂಗ್‌ಗೆ ಹೊರಡಬೇಕಿತ್ತು, ಜಾಕೆಟ್ ಮಾತ್ರ ಇನ್ನೂ ಕೊಂಡಿರಲಿಲ್ಲ. ಮಲ್ಲೇಶ್ವರದ ಅಂಗಡಿಯೊಂದರಲ್ಲಿ ನಿಂತಲ್ಲಿ ನಿಲ್ಲಲಾಗದೆ ಹಾಕಿದ್ದನ್ನೇ ಹಾಕಿ ಬಿಚ್ಚುತ್ತಿದ್ದೆ. ದಪ್ಪನೆಯದು ಬೆಚ್ಚಗಿತ್ತು, ಆದರೆ ಅದೊಂದಕ್ಕೇ ಬ್ಯಾಗ್ ತುಂಬಿಹೋಗುತ್ತಿತ್ತು. ತೆಳ್ಳನೆಯದು ಮಡಚಿದರೆ ಟಿಫನ್ ಡಬ್ಬಿಯಷ್ಟಾಗುತ್ತಿತ್ತು, ಆದರೆ ಮಳೆ ತಡೆಯುತ್ತದೆಯೇ ಅನ್ನುವ ಅನುಮಾನ ಬಿಡಲಿಲ್ಲ.

ನನ್ನ ತಾಯಿಯ ವಯಸ್ಸಿನ ಹೆಂಗಸೊಬ್ಬರು ನಾನು ಹಾಕಿಕೊಂಡಿದ್ದ ಆ ತೆಳ್ಳನೆಯ ಜಾಕೆಟ್ಟನ್ನೇ ನೋಡುತ್ತಿದ್ದರು. ಕೇದಾರಕ್ಕೆ ಹೊರಟಿದ್ದರಂತೆ. "ನಮ್ಮನೆಯವರು ಚಳಿ ಅಂತ ಹಿಂದೆ ಸರಿದ್ರು. ನಾನೊಬ್ಳೇ ಹೋಗ್ತಿದೀನಿ. ನೆಂದು ಜ್ವರ ಬಂದ್ರೆ, ನಾನು ಹೇಳ್ಲಿಲ್ವಾ ಅಂತ ಜನ್ಮವೆಲ್ಲ ಹೇಳ್ತಾರೆ," ಎಂದರು. ಆಮೇಲೆ ಅಂಗಡಿಯವರತ್ತ ತಿರುಗಿ, "ಇದು ನಿಜವಾಗ್ಲೂ ವಾಟರ್‌ಪ್ರೂಫಾ?" ಎಂದು ಕೇಳಿದರು.

"ಗ್ಯಾರಂಟಿ ಮೇಡಂ."

"ಸ್ವಲ್ಪ ಅಲ್ಲಾಡ್ಬೇಡಿ," ಎಂದು ನನಗೆ ಹೇಳಿದವರೇ ನೀರಿನ ಬಾಟಲಿ ತೆಗೆದು ನನ್ನ ಹೆಗಲ ಮೇಲೆ ಸುರಿದುಬಿಟ್ಟರು. ಮೊದಲು ಹನಿಗಳು ಜಾರಿ ಬಿದ್ದವು. ಆಮೇಲೆ ಹೊಲಿಗೆಯ ಸಂದಿಯಿಂದ ನೀರು ತಣ್ಣಗೆ ಬೆನ್ನಿಗಿಳಿಯಿತು.

"ಅಯ್ಯೋ, ಒಳಗೆ ಬಂತು!" ಎಂದೆ.

"ಮಳೆಗೆ ಗ್ಯಾರಂಟಿ ಸಾರ್, ಬಾಟ್ಲಿಗಲ್ಲ," ಎಂದು ಅಂಗಡಿಯವರು ಸಿಡುಕಿದರು.

ಸಿಡುಕುತ್ತಲೇ ಒಳಗಿನಿಂದ ಇನ್ನೊಂದು ತೆಳ್ಳನೆಯ ಜಾಕೆಟ್ ತಂದರು. ಅದರ ಮೇಲೂ ನೀರು ಬಿತ್ತು, ಆದರೆ ಒಳಗಿಳಿಯಲಿಲ್ಲ. ಅಂಥದ್ದು ಇದ್ದದ್ದು ಒಂದೇ. "ಒದ್ದೆಯಾಗಿದ್ದು ನೀವು, ನೀವೇ ತಗೊಳ್ಳಿ," ಎಂದರು ಆಕೆ. ನಾನು ಅವರ ಜ್ವರಕ್ಕಿಂತ ಅವರ ಯಜಮಾನರ ಮಾತಿಗೇ ಹೆದರಿ ಅದನ್ನು ಅವರ ಕೈಗಿಟ್ಟೆ. ದಪ್ಪನೆಯದನ್ನು ಹೊತ್ತುಕೊಂಡು ಮನೆಗೆ ಬಂದೆ.

ತವಾಂಗ್‌ನಲ್ಲಿ ಒಂದು ಹನಿಯೂ ಬೀಳಲಿಲ್ಲ. ಆ ಪ್ರಯಾಣಕ್ಕಾಗಿ ನಾನು ನೆನೆದದ್ದು ಮಲ್ಲೇಶ್ವರದಲ್ಲಿ ಮಾತ್ರ.